ಗೋಣಿಚೀಲದಲ್ಲಿ ಚಿಯಾ

ನನಗೆ ಗೊತ್ತಿಲ್ಲ ಎನ್ನುವುದು ನನ್ನ ಬಾಯಿಂದ ಸುಲಭವಾಗಿ ಬರುವ ಮಾತಲ್ಲ. ಮೂವತ್ತು ವರ್ಷ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಗೃಹವಿಜ್ಞಾನ ಪಾಠ ಮಾಡಿದವಳು ನಾನು. ಯಾವ ಕಾಳಿನಲ್ಲಿ ಏನಿದೆ, ಯಾವ ಸೊಪ್ಪನ್ನು ಎಷ್ಟು ಬೇಯಿಸಬೇಕು, ಯಾರು ಏನು ತಿನ್ನಬಾರದು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ನಿವೃತ್ತಿಯಾದ ಮೇಲೆ ಕುಂಬಾರಕೊಪ್ಪಲಿನ ನಮ್ಮ ಬೀದಿಯೇ ನನ್ನ ತರಗತಿಯಾಯಿತು. ಸಕ್ಕರೆ ಕಾಯಿಲೆಯವರು, ಮಲಬದ್ಧತೆಯವರು, ಸೊಸೆಗೆ ಬಾಣಂತನ ಮಾಡುವವರು, ಎಲ್ಲರೂ ನಮ್ಮ ಜಗಲಿಗೆ ಬಂದು ಕೇಳುತ್ತಿದ್ದರು. ಕೇಳದವರಿಗೂ ನಾನು ಹೇಳುತ್ತಿದ್ದೆ.

ಅದೇ ಜಗಲಿಗೆ ಅಪ್ಪನನ್ನು ಹುಡುಕಿಕೊಂಡು ಬರುವವರೂ ಇದ್ದರು. ಅವರದು ಬೇರೆ ಕೆಲಸ. ಬಿತ್ತನೆಗೆ ಮುಂಚೆ ಒಂದು ಹಿಡಿ ಬೀಜವನ್ನು ಟವೆಲಿನ ತುದಿಯಲ್ಲಿ ಕಟ್ಟಿ ತಂದು ಅಪ್ಪನ ಅಂಗೈಗೆ ಸುರಿಯುತ್ತಿದ್ದರು. ಅಪ್ಪ ಅದನ್ನು ಅಂಗೈಯಲ್ಲಿ ಆಡಿಸಿ, ಒಂದು ಕಾಳನ್ನು ಹಲ್ಲಿಗಿಟ್ಟು ಮುರಿದು, ಮೂಸಿ ನೋಡಿ, ಬಿತ್ತಬಹುದು ಅಥವಾ ಬೇಡ ಎನ್ನುತ್ತಿದ್ದ. ಬೇಡ ಅಂದರೆ ಯಾರೂ ಎದುರು ಮಾತಾಡುತ್ತಿರಲಿಲ್ಲ. ನಮ್ಮ ಕೊಪ್ಪಲು ಊರಾಗಿದ್ದು ಆಮೇಲೆ ನಗರದ ಹೊಟ್ಟೆಯೊಳಗೆ ಸೇರಿಕೊಂಡದ್ದು. ಗದ್ದೆಗಳಿದ್ದ ಕಡೆ ಈಗ ಮೂರು ಅಂತಸ್ತಿನ ಮನೆಗಳಿವೆ. ಆದರೂ ಊರಾಚೆ ಚೂರುಪಾರು ಜಮೀನು ಉಳಿಸಿಕೊಂಡವರು ಅಪ್ಪನಿಗೆ ಬೀಜ ತೋರಿಸದೆ ಬಿತ್ತುತ್ತಿರಲಿಲ್ಲ. ಎದುರು ಮನೆಯ ಮಾವನಂತೂ ನಲವತ್ತು ವರ್ಷದಿಂದ ಈ ಪದ್ಧತಿ ಬಿಟ್ಟವರಲ್ಲ. ಅವರು ನಮಗೆ ನೆಂಟರೇನಲ್ಲ, ಅಪ್ಪನ ಓರಗೆಯವರು, ನಾನು ಹುಟ್ಟಿದಾಗಿನಿಂದ ಮಾವ ಎಂದು ಕರೆದು ರೂಢಿ. ಅವರೇ ಅಪ್ಪನನ್ನು ಬೀಜದ ಯಜಮಾನ್ರು ಅಂತ ಮೊದಲು ಕರೆದದ್ದು. ಊರೆಲ್ಲ ಅದನ್ನೇ ಹಿಡಿದುಕೊಂಡಿತು.

ಅಮ್ಮ ಹೋದ ಮೇಲೆ ಮನೆಯಲ್ಲಿ ನಾನು, ಅಪ್ಪ ಇಬ್ಬರೇ. ನಾನು ಮದುವೆಯಾಗಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ ಅಪ್ಪ, “ಅವಳ ಮಾತಿಗೆ ಮಾತು ಕೊಡೋ ಗಂಡು ಇನ್ನೂ ಹುಟ್ಟಿಲ್ಲ ಬುಡಿ” ಎಂದು ನಗುತ್ತಿದ್ದ. ನಾನೂ ನಗುತ್ತಿದ್ದೆ. ಸುಳ್ಳೇನಲ್ಲವಲ್ಲ.

ಚಿಯಾ ಬೀಜ ನಮ್ಮ ಮನೆಗೆ ಬಂದದ್ದು ನನ್ನ ರಕ್ತ ಪರೀಕ್ಷೆಯ ಚೀಟಿಯ ಹಿಂದೆಯೇ. ಸಕ್ಕರೆ ಗಡಿಯಲ್ಲಿದೆ, ನಾರಿನಂಶ ಹೆಚ್ಚು ತಿನ್ನಿ ಎಂದರು ಡಾಕ್ಟರು. ನನಗೇ ಪಾಠ! ಕೆರೆ ಏರಿಯ ಮೇಲೆ ಬೆಳಗಿನ ನಡಿಗೆಗೆ ಬರುವವರಲ್ಲಿ ಆಹಾರ ಸಂಶೋಧನೆಯ ಕೆಲಸ ಮಾಡಿ ನಿವೃತ್ತರಾದ ಒಬ್ಬರಿದ್ದರು. ಅವರು ಒಂದು ಪುಟ್ಟ ಡಬ್ಬಿಯಲ್ಲಿ ಚಿಯಾ ತಂದುಕೊಟ್ಟು, ಅದರ ಕಥೆಯನ್ನೂ ಕೊಟ್ಟರು. ನಾಲ್ಕು ದಿನದಲ್ಲಿ ಆ ಕಥೆ ಅವರಿಗಿಂತ ನನಗೇ ಚೆನ್ನಾಗಿ ಬರುತ್ತಿತ್ತು.

ಮೆಕ್ಸಿಕೋ ದೇಶದ ಹಳೆಯ ಜನರಿಗೆ ಈ ಬೀಜ ನಮಗೆ ರಾಗಿ ಇದ್ದಂತೆ. ಜೋಳ, ಹುರುಳಿಕಾಯಿ ಬೀಜದ ಜೊತೆಗೆ ಇದನ್ನೂ ದಿನನಿತ್ಯ ತಿನ್ನುತ್ತಿದ್ದರು. ಹುರಿದು ಬೀಸಿ ಹಿಟ್ಟು ಮಾಡಿಕೊಂಡು ದೂರದ ದಾರಿಗೆ ಕಟ್ಟಿಕೊಂಡು ಹೋಗುತ್ತಿದ್ದರಂತೆ, ನಮ್ಮವರು ಹುರಿಹಿಟ್ಟು ಕಟ್ಟಿಕೊಳ್ಳುತ್ತಿದ್ದ ಹಾಗೆ. ಎಣ್ಣೆ ತೆಗೆದು ಬಣ್ಣಕ್ಕೆ ಬೆರೆಸುತ್ತಿದ್ದರು, ಅರಸನಿಗೆ ಕಂದಾಯವಾಗಿ ಅಳೆಯುತ್ತಿದ್ದರು, ಹಿಟ್ಟಿನಲ್ಲಿ ದೇವರ ಮೂರ್ತಿ ಮಾಡಿ ಪೂಜಿಸುತ್ತಿದ್ದರು. ಸ್ಪೇನಿನವರು ಬಂದು ರಾಜ್ಯ ಕಿತ್ತುಕೊಂಡ ಮೇಲೆ ಬೆಳೆಯೂ ಮೂಲೆ ಸೇರಿತು. ದೇವರಿಗೆ ಸಲ್ಲುತ್ತಿತ್ತೆಂಬ ಕಾರಣಕ್ಕೇ ಅದನ್ನು ತುಳಿದರು ಎನ್ನುವವರಿದ್ದಾರೆ. ಗುಡ್ಡಗಾಡಿನ ಹಳ್ಳಿಗಳಲ್ಲಿ ಮಾತ್ರ ನಿಂಬೆಹಣ್ಣಿನ ಪಾನಕಕ್ಕೆ ಹಾಕಿಕೊಂಡು ಕುಡಿಯುವ ಅಭ್ಯಾಸ ಉಳಿಯಿತು. ನೂರಾರು ವರ್ಷ ಹಾಗೆ ಮರೆತುಹೋಗಿದ್ದ ಕಾಳು ನಮ್ಮ ಕಾಲದಲ್ಲಿ ಮತ್ತೆ ಎದ್ದು ಅಂಗಡಿ ಅಂಗಡಿಗೆ ಬಂತು. ಈಗ ಹೆಗ್ಗಡದೇವನಕೋಟೆ ಕಡೆಯ ಹೊಲಗಳಲ್ಲೂ ಬೆಳೆಯುತ್ತಾರೆ. ಎಲೆಯ ಘಾಟಿಗೆ ಕಾಡುಹಂದಿ ಬಾಯಿ ಹಾಕುವುದಿಲ್ಲವೆಂಬುದೇ ಅಲ್ಲಿಯವರಿಗೆ ದೊಡ್ಡ ಅನುಕೂಲ.

ಅಪ್ಪ ಮೊದಲ ಸಲ ನನ್ನ ಲೋಟ ನೋಡಿದಾಗ ಮುಖ ಕಿವುಚಿದ.

“ಇದೇನಮ್ಮ, ಕಪ್ಪೆ ಮೊಟ್ಟೆ ಕುಡೀತಿದೀಯ?”

“ಚಿಯಾ ಕಣಪ್ಪ.”

“ಕಾಮಕಸ್ತೂರಿ ಬೀಜ ಅಲ್ವಾ? ಬ್ಯಾಸ್ಗೇಲಿ ನಿಮ್ಮವ್ವ ಪಾನಕಕ್ಕೆ ಹಾಕೋಳು.”

ಎಲ್ಲರೂ ಮಾಡುವ ತಪ್ಪು ಇದು ಎಂದು ನಾನು ಪಾಠ ಶುರುಮಾಡುವಷ್ಟರಲ್ಲಿ ಅಪ್ಪ ಡಬ್ಬಿಯಿಂದ ನಾಲ್ಕು ಒಣ ಕಾಳು ತೆಗೆದು ಬೆಳಕಿಗೆ ಹಿಡಿದಿದ್ದ. “ಅಲ್ಲ, ಅಲ್ಲ. ಅದು ಒಂದೇ ಕಪ್ಪು. ಇದ್ರ ಮೇಲೆ ಮಚ್ಚೆ ಇದೆ. ಆದ್ರೆ ಒಂದೇ ಕುಲ ಅನ್ನಿಸ್ತದೆ” ಎಂದ. ಸರಿಯಾಗಿಯೇ ಹೇಳಿದ್ದ. ತುಳಸಿ, ಕಾಮಕಸ್ತೂರಿ, ಚಿಯಾ ಮೂರೂ ಒಂದೇ ಕುಟುಂಬದವು. ನನಗೆ ಪುಸ್ತಕ ಹೇಳಿದ್ದು ಅವನಿಗೆ ಕಣ್ಣು ಹೇಳಿತ್ತು. ನನಗೆ ಸ್ವಲ್ಪ ಹೊಟ್ಟೆಯುರಿಯೂ ಆಯಿತು.

ಬೀದಿಯವರಿಗೆ ನಾನು ಸುಳ್ಳು ಆಸೆ ಹುಟ್ಟಿಸಲಿಲ್ಲ, ಅದನ್ನು ಎದೆ ತಟ್ಟಿ ಹೇಳುತ್ತೇನೆ. ಚಿಯಾದಲ್ಲಿ ನಾರು ಧಾರಾಳವಾಗಿದೆ, ಹೊಟ್ಟೆ ಹಗುರಾಗುತ್ತದೆ, ಬೇಗ ಹಸಿವಾಗುವುದಿಲ್ಲ. ಸುಣ್ಣದಂಶವಿದೆ, ಪ್ರೋಟೀನಿದೆ, ಒಮೆಗಾ ಕೊಬ್ಬೂ ಇದೆ. ಆದರೆ ಮೀನಿನಲ್ಲಿರುವ ಒಮೆಗಾ ಬೇರೆ, ಇದು ಬೇರೆ, ನಮ್ಮ ಮೈ ಇದನ್ನು ಅದಾಗಿ ಮಾಡಿಕೊಳ್ಳುವುದು ಅಷ್ಟಕ್ಕಷ್ಟೆ. ಸಕ್ಕರೆ ಕಾಯಿಲೆಗೆ ಇದು ಮದ್ದಲ್ಲ, ಮಾತ್ರೆ ಬಿಟ್ಟು ಚಿಯಾ ಹಿಡಿದವರನ್ನು ನಾನೇ ಬೈದು ಡಾಕ್ಟರ ಹತ್ತಿರ ಕಳಿಸಿದ್ದೇನೆ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಕೇಳದೆ ಮುಟ್ಟಬಾರದು. ಅಗಸೆಯನ್ನು ಪುಡಿ ಮಾಡಿ ತಿಂದರೂ ಹೆಚ್ಚುಕಮ್ಮಿ ಇದೇ ಲಾಭ, ನಮ್ಮ ಹುಚ್ಚೆಳ್ಳಿನ ಚಟ್ನಿಪುಡಿಯೇನು ಕಡಿಮೆ ಎಂದೂ ಹೇಳುತ್ತಿದ್ದೆ. ಇಷ್ಟೆಲ್ಲ ಹೇಳಿ ಕೊನೆಗೆ ಒಂದು ಮಾತು ತಪ್ಪದೆ ಸೇರಿಸುತ್ತಿದ್ದೆ: ನೆನೆಸದೆ ಚಿಯಾ ಮುಟ್ಟಬೇಡಿ. ಮೂರನೇ ಮನೆಯ ಹೆಂಗಸು ಒಂದು ಚಮಚ ಒಣ ಬೀಜ ಬಾಯಿಗೆ ಹಾಕಿಕೊಂಡು ಎರಡು ಗುಟುಕು ನೀರು ಕುಡಿದು, ಅದು ಗಂಟಲಲ್ಲೇ ಉಬ್ಬಿ, ಕಣ್ಣುಗುಡ್ಡೆ ಮೇಲೆ ಹೋಗಿ ನಾವೆಲ್ಲ ಹೆದರಿದ್ದೆವು. ಅಲ್ಲಿಂದ ಮುಂದೆ ದಿನಕ್ಕೆ ಹತ್ತು ಸಲ ನಾನು ಅದನ್ನೇ ಹೇಳಿದೆ. ಬೀದಿಯ ಮಕ್ಕಳು ನನ್ನನ್ನು ಕಂಡರೆ “ನೆನೆಸಿ, ನೆನೆಸಿ” ಎಂದು ಕೂಗಿ ಓಡುತ್ತಿದ್ದವು.

ಇಷ್ಟರ ನಡುವೆ ಅಪ್ಪನ ಸಂಗತಿ ಹೇಳಬೇಕು. ಅದಕ್ಕೆ ಹಿಂದಿನ ವರ್ಷ ಅಪ್ಪ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದ. ಆಪರೇಷನ್ ಆಗಿ ವರ್ಷ ತುಂಬಿದರೂ ಜಗಲಿಯಿಂದ ಆಚೆ ಹೋಗಲು ಮನಸ್ಸಿರಲಿಲ್ಲ. ಊರಾಚೆ ಉಳಿದಿದ್ದ ನಮ್ಮ ಅರ್ಧ ಎಕರೆ ಎರಡು ಹಂಗಾಮು ಬೀಳು ಬಿದ್ದಿತ್ತು. “ಇನ್ನು ನನ್ ಕೈಲಿ ಬೇಸಾಯ ಆಯ್ತದಾ?” ಎಂದು ಕೇಳುತ್ತಿದ್ದ, ಯಾರೂ ಉತ್ತರ ಕೊಡುವ ಮೊದಲೇ ಆಚೆ ನೋಡುತ್ತಿದ್ದ. ಅಂಥವನು ಚಿಯಾ ಕಾಳು ಬೆಳಕಿಗೆ ಹಿಡಿದು ನೋಡಿದ ಮೇಲೆ ನಾಲ್ಕು ದಿನ ಅದರ ವಿಷಯವೇ ಮಾತಾಡಿದ. ಎಷ್ಟು ದಿನದ ಬೆಳೆ, ಯಾವ ಮಣ್ಣು, ನೀರು ಎಷ್ಟು ಬೇಕು. ಐದನೇ ದಿನ, “ನಾವೂ ಬಿತ್ತನ ಕಣಮ್ಮ” ಎಂದ. ನನಗೆ ಎಷ್ಟು ಸಂತೋಷವಾಯಿತೆಂದರೆ ಆ ದಿನವೇ ಕೆರೆ ಏರಿಯ ಸ್ನೇಹಿತರಿಗೆ ಹೇಳಿ, ಹೆಗ್ಗಡದೇವನಕೋಟೆ ಕಡೆಯ ಬೆಳೆಗಾರರೊಬ್ಬರು ಆರಿಸಿಟ್ಟಿದ್ದ ಬೀಜ ಒಂದು ಸೇರು ತರಿಸಿದೆ. ಅವರಲ್ಲಿ ಮಿಕ್ಕಿದ್ದೇ ಅಷ್ಟು. ಹಗಲು ಕುಗ್ಗುತ್ತ ಬಂದಾಗ ಹೂ ಬಿಡುವ ಗಿಡ ಇದು, ದಸರೆಗೆ ಮೊದಲೇ ಬಿತ್ತಬೇಕು ಎಂದೂ ಹೇಳಿ ಕಳಿಸಿದ್ದರು.

ಅಪ್ಪ ಕೋಲು ಹಿಡಿದು ಆಟೋದಲ್ಲಿ ಹೊಲಕ್ಕೆ ಹೋಗಿ ಉಳುಮೆ ಮಾಡಿಸಿ ಬಂದ. ಬೀಜದ ಯಜಮಾನ್ರು ಮತ್ತೆ ಎದ್ದರು, ಹೊಸ ಬೆಳೆ ಬಿತ್ತುತ್ತಾರೆ ಎಂದು ಬೀದಿಯೆಲ್ಲ ಸುದ್ದಿಯಾಯಿತು. ಬಿತ್ತನೆಯ ದಿನ ತಾವೂ ಬರುವುದಾಗಿ ಮಾವ ಹೇಳಿದರು. ಆ ಅರ್ಧ ಎಕರೆಯಲ್ಲಿ ಏನು ಬೆಳೆಯುತ್ತದೆ ಎಂಬುದು ನನಗೆ ಮುಖ್ಯವಾಗಿರಲಿಲ್ಲ. ಅಪ್ಪ ತಾನಿನ್ನೂ ಬೇಸಾಯಗಾರ ಎಂದು ನಾಲ್ಕು ಜನರ ಮುಂದೆ ನಿಲ್ಲಬೇಕಿತ್ತು. ಅವನಿಗೆ ಬೇಕಾಗಿದ್ದದ್ದೂ ಅದೇ.

ಬಿತ್ತನೆಗೆ ಮೂರು ದಿನ ಮುಂಚೆ, ನಾನು ಒಲೆಯ ಮುಂದೆ ಇದ್ದಾಗ ಅಪ್ಪ ಅಡುಗೆಮನೆಯ ಬಾಗಿಲಿಗೆ ಬಂದ. ಬೆರಳ ತುದಿಯಲ್ಲಿ ಒಂದು ಒದ್ದೆ ಕಾಳಿತ್ತು.

“ಇದು ಲೋಳೆ ಬುಡ್ತದೆ ಕಣಮ್ಮ. ಭತ್ತದಂಗೆ ನೆನೆ ಹಾಕಿ ಕಟ್ಟೋದು ಬ್ಯಾಡ ಅನ್ನಿಸ್ತದೆ. ಒಣಗಿರೋದ್ನೇ ಮರಳಿಗೆ ಬೆರ್ಸಿ ಚೆಲ್ಲನಾ? ನೀನು ಓದಿದೀಯಲ್ಲ, ಏನಂತಾರೆ?”

ನಾನು ಚಿಯಾ ತಿನ್ನುವುದರ ಬಗ್ಗೆ ಓದಿದ್ದೆ. ಬಿತ್ತುವುದರ ಬಗ್ಗೆ ಒಂದಕ್ಷರ ಓದಿರಲಿಲ್ಲ. ಗೊತ್ತಿಲ್ಲ, ಕೇಳಿ ಹೇಳುತ್ತೇನೆ ಅಂದಿದ್ದರೆ ಮುಗಿಯುತ್ತಿತ್ತು. ಫೋನು ಪಕ್ಕದಲ್ಲೇ ಇತ್ತು. ಆದರೆ ಒಗ್ಗರಣೆ ಸೌಟು ಕೆಳಗಿಡದೆ ನಾನು ಹೇಳಿದೆ: “ನೆನೆಸ್ಲೇಬೇಕಪ್ಪ. ನೆನೆಸದೆ ಚಿಯಾ ಮುಟ್ಟೋ ಹಂಗೇ ಇಲ್ಲ.”

ಅಪ್ಪ ಬೆರಳನ್ನು ಇನ್ನೊಮ್ಮೆ ನೋಡಿಕೊಂಡ. “ಸರಿ ಬುಡು, ನೀನು ತಿಳ್ದೋಳು” ಎಂದು ಹೊರಟ.

ನಮ್ಮ ಕಡೆ ಭತ್ತದ ಬೀಜವನ್ನು ಒಂದು ದಿನ ನೆನೆಸಿ, ಗೋಣಿಚೀಲದಲ್ಲಿ ಕಟ್ಟಿ, ಮೇಲೆ ಹುಲ್ಲು ಹೊದಿಸಿ ಕಲ್ಲು ಹೇರುತ್ತಾರೆ. ಒಳಗಿನ ಕಾವಿಗೆ ಮೊಳಕೆ ಮೂತಿ ಚಾಚುತ್ತದೆ. ಅಪ್ಪ ಅದೇ ಕ್ರಮವನ್ನು ಅಣುವಿನಷ್ಟೂ ತಪ್ಪದೆ ಮಾಡಿದ. ಚಿಯಾ ಸಣ್ಣದು, ಗೋಣಿಯ ಕಣ್ಣಿನಿಂದ ಜಾರಿಹೋಗುತ್ತದೆ ಎಂದು ಮೊದಲು ತನ್ನ ಹಳೆಯ ಪಂಚೆಯಲ್ಲಿ ಸಡಿಲವಾಗಿ ಕಟ್ಟಿ ನೀರಿಗಿಟ್ಟು, ಆಮೇಲೆ ಗಂಟನ್ನು ಗೋಣಿಯೊಳಗಿಟ್ಟ. ಹಿತ್ತಲ ಮೂಲೆಯಲ್ಲಿ ಹುಲ್ಲು ಹೊದಿಸಿದ. ಒರಳುಗುಂಡು ಎತ್ತಲಾರದೆ ನನ್ನನ್ನು ಕರೆದ. ಅದನ್ನು ಗೋಣಿಯ ಮೇಲೆ ಎತ್ತಿಟ್ಟವಳೂ ನಾನೇ.

ಬಿತ್ತನೆಯ ಬೆಳಿಗ್ಗೆ ಮಾವನೂ ಇನ್ನು ನಾಲ್ಕಾರು ಜನರೂ ಹಿತ್ತಲಿಗೆ ಬಂದರು. ಅಪ್ಪ ಸ್ನಾನ ಮಾಡಿ ಬಿಳಿ ಅಂಗಿ ತೊಟ್ಟಿದ್ದ. ಗೋಣಿಗೆ ಅರಿಶಿನ ಕುಂಕುಮ ಇಟ್ಟು, ಕರ್ಪೂರ ಬೆಳಗಿ, ಕೈಮುಗಿದು ಗಂಟು ಬಿಚ್ಚಿದ. ಒಳಗಿನಿಂದ ಬೂದು ಬಣ್ಣದ ಲೋಳೆಯ ಮುದ್ದೆಯೊಂದು ಸರಕ್ಕನೆ ಜಾರಿ ಅವನ ಪಾದದ ಮೇಲೆ ಬಿತ್ತು. ಪಂಚೆಯ ತುಂಬ ಅದೇ. ಅಪ್ಪ ಕೈ ಹಾಕಿ ಒಂದು ಹಿಡಿ ಎತ್ತಿದರೆ ಬೆರಳ ಸಂದಿಯಿಂದ ದಾರದಂತೆ ಇಳಿಯಿತು. ಎರಡು ದಿನದ ಕಾವಿಗೆ ಹುಳಿ ವಾಸನೆಯೂ ಬಂದಿತ್ತು. ಅದನ್ನು ಹೊಲಕ್ಕೆ ಚೆಲ್ಲಲಾಗುವುದಿಲ್ಲ, ಒಣಗಿಸಲಾಗುವುದಿಲ್ಲ, ಬೇರೆ ಬೀಜ ಇಲ್ಲ.

ಯಾರೋ ಒಬ್ಬರು ಕಿಸಕ್ಕನೆ ನಕ್ಕರು. ಮಾವ ಬಗ್ಗಿ ನೋಡಿ, “ಏನ್ ಯಜಮಾನ್ರೇ, ನಿಮ್ ಕೈಲೂ ಇಂಗಾಯ್ತದಾ?” ಎಂದರು. ಬೇಕೆಂದು ಚುಚ್ಚಿದ್ದಲ್ಲ, ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

ಅಪ್ಪ ತಲೆಯೆತ್ತಿ ನನ್ನನ್ನು ನೋಡಿದ. ಒಂದೇ ಸಲ. ಎಲ್ಲರ ಕಣ್ಣೂ ಅವನ ನೋಟ ಹಿಡಿದು ನನ್ನ ಕಡೆ ತಿರುಗುವುದರೊಳಗೆ ನನ್ನ ಬಾಯಿ ತೆರೆದುಕೊಂಡಿತ್ತು.

“ಏನಪ್ಪ, ಇದು ಭತ್ತ ಅಲ್ಲ ಅಂತ ನಿನಗೆ ಗೊತ್ತಾಗ್ಲಿಲ್ವಾ?”

ಹೌದು, ಹಾಗೆಯೇ ಅಂದೆ. ಯೋಚಿಸಿ ಆಡಿದ ಮಾತಲ್ಲ. ಯೋಚಿಸದೆ ಬಂದದ್ದರಿಂದಲೇ ಅದು ನನ್ನ ನಿಜವಾದ ಬುದ್ಧಿ ಎಂದು ಈಗ ಅನ್ನಿಸುತ್ತದೆ. ಅಪ್ಪ ಕೈಯಲ್ಲಿದ್ದುದನ್ನು ನಿಧಾನವಾಗಿ ಗೋಣಿಗೇ ಬಿಟ್ಟ.

“ಊಂ ಕಣಮ್ಮ. ಭತ್ತ ಅಂದ್ಕೊಂಡ್ಬುಟ್ಟೆ. ನಂದೇ ತಪ್ಪು” ಎಂದ. ಬಂದವರ ಕಡೆ ತಿರುಗಿ, “ವಯಸ್ಸಾಯ್ತು ನೋಡಿ” ಎಂದು ನಕ್ಕ.

ಅವರು ಹೋದ ಮೇಲೆ ನಾನು ಫೋನು ಮಾಡಿ ಕೇಳಿದೆ. ನೆನೆಸುವುದಕ್ಕೆ ಇದೇನು ಕಡಲೆ ಗಾತ್ರದ ಬೀಜವೇ, ಒಣಗಿದ್ದನ್ನೇ ಮರಳಿನಲ್ಲಿ ಬೆರೆಸಿ ತೆಳ್ಳಗೆ ಚೆಲ್ಲಬೇಕು ಎಂದು ಆ ಬೆಳೆಗಾರರು ನಕ್ಕರು. ಅಪ್ಪ ಕೇಳಿದ್ದ ಮಾತೇ, ಅಕ್ಷರ ಅಕ್ಷರ. ಸಂಜೆ ಅವನ ಹತ್ತಿರ ಹೋಗಿ, “ನೆನೆಸು ಅಂದಿದ್ದು ನಾನಲ್ವಾ” ಎಂದು ಶುರುಮಾಡಿದೆ. “ಬುಡು ಅತ್ಲಾಗೆ, ಆದದ್ದಾಯ್ತು” ಎಂದು ಅವನು ಗೋಣಿ ತೊಳೆಯಲು ಹೋದ. ನನಗೂ ಅಷ್ಟೇ ಸಾಕಾಗಿತ್ತು, ಬಿಟ್ಟೆ. ಆ ಹಂಗಾಮು ಹೊಲಕ್ಕೆ ಆಳಿನಿಂದ ಹುರುಳಿ ಚೆಲ್ಲಿಸಿದೆವು. ಚಿಯಾ ಬೆಳೆದದ್ದು ಮಾರನೆಯ ವರ್ಷ, ಈಗಲೂ ಬೆಳೆಯುತ್ತಿದ್ದೇವೆ. ಬೆಳೆಯ ಕಥೆ ಅಷ್ಟೇ, ಹೇಳಬೇಕಾದದ್ದು ಬೇರೆ ಇದೆ.

ನಾಲ್ಕು ದಿನ ಕಳೆದ ಮೇಲೆ ಹಿಂದಿನ ಬೀದಿಯವರೊಬ್ಬರು ಅವರೆ ಬೀಜ ತಂದರು. ನಾನು ಒಳಗೆ ಅಕ್ಕಿ ಆರಿಸುತ್ತಿದ್ದೆ. ಅವರು ಟವೆಲಿನ ಗಂಟು ಬಿಚ್ಚುವುದು ಕಿಟಕಿಯಿಂದ ಕಾಣುತ್ತಿತ್ತು. ಅಪ್ಪ ಅಂಗೈ ಚಾಚಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, “ನನ್ ಕೇಳ್ಬ್ಯಾಡಿ. ನಂಗೀಗ ತಿಳಿಯಾಕಿಲ್ಲ” ಎಂದ. ಬಂದವರು ಗಂಟು ಕಟ್ಟಿಕೊಂಡು ಹೋದರು. ಅವರು ಒತ್ತಾಯ ಮಾಡಲಿಲ್ಲವೆಂಬುದೇ ನನಗೆ ಹೆಚ್ಚು ಉರಿಯಿತು. ಹಿಂದೆ ಆಗಿದ್ದರೆ ಬಿಡುತ್ತಿದ್ದರೇ?

ಆ ದಿನದಿಂದ ನನಗೆ ಅನ್ನ ಸೇರಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು. ಮೂವತ್ತು ವರ್ಷ ಮಕ್ಕಳಿಗೆ ಗೊತ್ತಿಲ್ಲದಿದ್ದರೆ ಕೇಳಿ ಎಂದು ಹೇಳಿದವಳು, ಬೀದಿಯಲ್ಲಿ ಹೆಂಗಸರು “ಮಿಸ್, ಒಂದ್ ಮಾತು” ಎಂದು ನಿಲ್ಲಿಸಿದಾಗ ತಲೆ ತಗ್ಗಿಸಿ ಸರಿಯುತ್ತಿದ್ದೆ. ಆದರೂ ಬಾಯಿ ಬಿಡಲಿಲ್ಲ. ನನ್ನ ಮಾತು ಸುಳ್ಳಾಯಿತು ಎಂದರೆ ನಾಳೆ ಯಾರು ಕೇಳುತ್ತಾರೆ ಎಂಬ ಹೆದರಿಕೆ. ಅದನ್ನು ಬೇರೆ ಹೆಸರಿನಿಂದ ಕರೆಯುವುದಿಲ್ಲ.

ಅಷ್ಟರಲ್ಲಿ ಮಹಾಲಯ ಅಮಾವಾಸ್ಯೆ ಬಂತು. ಹಿರಿಯರಿಗೆ ಎಡೆ ಇಟ್ಟು, ನೆರೆಹೊರೆಯವರನ್ನು ಊಟಕ್ಕೆ ಕರೆಯುವುದು ನಮ್ಮಲ್ಲಿ ನಡೆದುಬಂದದ್ದು. ಅಮ್ಮನ ಫೋಟೋದ ಮುಂದೆ ಹೊಸ ಸೀರೆ, ಎಡೆ ಇಟ್ಟೆವು. ಅಂದು ಹಿತ್ತಲಿಗೆ ಬಂದಿದ್ದವರೇ ಅಷ್ಟೂ ಜನ ಸಾಲಾಗಿ ಕೂತರು, ಮೊದಲನೆಯ ಎಲೆ ಮಾವನದು, ಪಕ್ಕದ್ದು ಅಪ್ಪನದು. ನಾನು ಬಾಡಿನ ಸಾರು ಬಡಿಸುತ್ತಿದ್ದೆ.

ಮಾವ ಮುದ್ದೆ ಮುರಿದು ಸಾರಿಗದ್ದಿ, “ಸಾರು ಚೆನ್ನಾಗಿ ಗಟ್ಟಿಯಾಗದೆ ಕಣವ್ವ. ನಿಮ್ಮಪ್ಪನ ಲೋಳೆ ಬೀಜ ಏನಾರ ಹಾಕ್ದಾ?” ಎಂದರು.

ಸಾಲೆಲ್ಲ ನಕ್ಕಿತು. ಅಪ್ಪನೂ ನಕ್ಕ. ನಗುತ್ತಲೇ ಎಲೆಯ ಮೇಲಿನ ಉಪ್ಪನ್ನು ಬೆರಳಿನಿಂದ ಅತ್ತಿತ್ತ ಸರಿಸಿದ. ನಾನು ಅವನ ಮುಂದೆಯೇ ನಿಂತಿದ್ದೆ. ಸಾರಿನ ಪಾತ್ರೆ ಕೆಳಗಿಟ್ಟೆ.

“ನೆನೆ ಹಾಕು ಅಂದಿದ್ದು ನಾನು” ಎಂದೆ. ಶಾಲೆಯ ಕೊನೆಯ ಬೆಂಚಿಗೂ ಕೇಳಿಸುವ ದನಿ ನನ್ನದು. “ಅಪ್ಪ ಬೇಡ ಅಂದಿದ್ದ. ಲೋಳೆ ಬಿಡುತ್ತೆ, ಮರಳು ಬೆರಸಿ ಒಣಗಿದ್ದನ್ನೇ ಚೆಲ್ಲಬೇಕು ಅಂತ ಕಾಳು ನೋಡಿಯೇ ಹೇಳಿದ್ದ. ನಾನು ಏನೂ ಗೊತ್ತಿಲ್ಲದೆ ನೆನೆಸ್ಲೇಬೇಕು ಅಂದೆ. ಆಮೇಲೆ ನಿಮ್ಮೆಲ್ಲರ ಮುಂದೆ ಅವನನ್ನೇ ಅಂದೆ.”

ಮಾವ ಕೈಯಲ್ಲಿದ್ದ ತುತ್ತನ್ನು ಎಲೆಗಿಟ್ಟು ಅಪ್ಪನ ಕಡೆ ತಿರುಗಿದರು. “ಕಾಳು ನೋಡೇ ಯೋಳಿದ್ರಾ?”

“ಬಡಿಸಮ್ಮ, ಸಾರು ಆರೋಯ್ತದೆ” ಎಂದ ಅಪ್ಪ.

“ನಾನೂ ಅದ್ನೇ ಅಂದ್ಕೊಂಡೆ” ಎಂದರು ಮಾವ, ಯಾರಿಗೆಂದಿಲ್ಲದೆ. “ಬೀಜ ನೋಡ್ದೆ ನೀರಿಗಾಕೋ ಆಸಾಮಿ ಅಲ್ಲ ಇವ್ರು.” ಆಮೇಲೆ ನನ್ನ ಕಡೆ ನೋಡಿದರು. ಆ ನೋಟ ಹಿತವಾಗಿರಲಿಲ್ಲ. ನನಗೆ ಸಲ್ಲಬೇಕಾದ್ದೇ ಅದು, ತೆಗೆದುಕೊಂಡೆ.

ಊಟವಾದ ಮೇಲೆ ಹಿತ್ತಲಲ್ಲಿ ಚೊಂಬಿನಿಂದ ಅಪ್ಪನ ಕೈಗೆ ನೀರು ಹಾಕಿದೆ.

“ಯಾಕ್ ಯೋಳಕ್ಕೋದೆ?” ಎಂದ. “ನಾನು ಬೇಸಾಯ ಮುಗಿಸ್ದೋನು. ನೀನು ನಾಕ್ ಜನಕ್ಕೆ ಬುದ್ಧಿ ಯೋಳೋಳು. ನಿನ್ ಮಾತು ಬೀಳ್ಬಾರ್ದು ಅಂತ ನಾನ್ ಸುಮ್ಕಿದ್ರೆ...”

“ತಪ್ಪಾಯ್ತಪ್ಪ” ಎಂದೆ. ಅವನಿಗೆ ಆ ಮಾತು ನಾನು ಹೇಳಿದ್ದು ಅದೇ ಮೊದಲಿರಬೇಕು.

ಅಪ್ಪ ಟವೆಲಿನಿಂದ ಒಂದೊಂದೇ ಬೆರಳು ಒರೆಸಿಕೊಂಡ. ಹೊರಡಲು ಕೋಲು ತೆಗೆದುಕೊಂಡವನು ನಿಂತ.

“ಎಂಟ್ ದಿವ್ಸದಿಂದ ನಿದ್ದೆ ಬಂದಿಲ್ಲ ಕಣಮ್ಮ ನಂಗೆ” ಎಂದ.

ನೇರ ಜಗಲಿಗೆ ಹೋಗಿ, ಎಲೆಯಡಿಕೆ ಹಾಕುತ್ತ ಕೂತಿದ್ದವರ ನಡುವೆಯೇ ಟವೆಲು ಹಾಸಿಕೊಂಡು ಮಲಗಿದ. ಅವರು ಜೋರು ಜೋರಾಗಿ ಯಾವುದೋ ಮಾತಿನಲ್ಲಿದ್ದರು. ಅಪ್ಪನ ಗೊರಕೆ ಶುರುವಾಯಿತು. ಮಾವ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಮೆಟ್ಟು ಕೈಯಲ್ಲಿ ಹಿಡಿದುಕೊಂಡು ಒಬ್ಬೊಬ್ಬರೇ ಇಳಿದು ಹೋದರು. ದೀಪ ಹಚ್ಚುವ ಹೊತ್ತಾದರೂ ಅಪ್ಪನ ಗೊರಕೆ ನಿಂತಿರಲಿಲ್ಲ, ನಾನೂ ಎಬ್ಬಿಸಲಿಲ್ಲ.